ಹೊಳೆಬದಿ ವಾಹಿನಿಯ ಹರಕೆ ಪುಸ್ತಕ

ಮೇ ತಿಂಗಳ ಕೊನೆಯ ಪತ್ತನಾಜೆ ಕಳೆದಿತ್ತು. ಯಕ್ಷಗಾನ ಮೇಳಗಳೆಲ್ಲ ಆ ವರ್ಷದ ಗೆಜ್ಜೆ ಬಿಚ್ಚಿ, ವೇಷದ ಪೆಟ್ಟಿಗೆಗಳು ಅಟ್ಟ ಸೇರಿ ಎರಡೋ ಮೂರೋ ದಿನವಾಗಿತ್ತು. ಮಳೆ ಇನ್ನೂ ಹಿಡಿದಿರಲಿಲ್ಲ, ಪಡುವಣದಲ್ಲಿ ಮಾತ್ರ ಕಪ್ಪಿಟ್ಟಿತ್ತು. ಸಂಜೆ ಐದೂವರೆ ಗಂಟೆ, ದನಗಳು ಹಟ್ಟಿಗೆ ತಿರುಗುವ ಹೊತ್ತು. ಆಗ ಗುಲ್ವಾಡಿಯ ಭೋಜರಾಜ ಶೆಟ್ಟರು ತಮ್ಮ ಮನೆಯ ಉಪ್ಪರಿಗೆಯಲ್ಲಿ ಒಂದು ಗುಂಡಿ ಒತ್ತಿದರು. ಹೊಳೆಬದಿ ವಾಹಿನಿ ಸುರುವಾಯಿತು. ಇದು ಇಪ್ಪತ್ತನಾಲ್ಕು ವರ್ಷದ ಹಿಂದಿನ ಮಾತು.

ಶೆಟ್ಟರು ಮೂವತ್ತು ವರ್ಷ ಬೊಂಬಾಯಿಯಲ್ಲಿ ಹೋಟೆಲು ನಡೆಸಿ, ಅದನ್ನು ಬಿಟ್ಟು ಊರಿಗೆ ಬಂದವರು. ಮೂವತ್ತು ವರ್ಷ ಹಣದ ಗಲ್ಲೆಯಲ್ಲಿ ಕುಳಿತು ಬಂದು ಹೋಗುವವರ ಮುಖ ನೋಡಿದವರಿಗೆ ಊರಲ್ಲಿ ನೋಡುವುದಕ್ಕೆ ಮುಖಗಳೇ ಇರಲಿಲ್ಲ. ಅದಕ್ಕೇ ಮುಖ ತೋರಿಸುವ ಒಂದು ಯಂತ್ರ ತಂದರು ಎಂದು ಅವರ ಹೆಂಡತಿ ಅಮ್ಮಣ್ಣಿ ಹೇಳುತ್ತಿದ್ದರು. ಒಂದು ಕೆಮರಾ, ಒಂದು ಕ್ಯಾಸೆಟ್ ಹಾಕುವ ಪೆಟ್ಟಿಗೆ, ಇನ್ನೊಂದು ಪೆಟ್ಟಿಗೆ. ಆ ಇನ್ನೊಂದರಿಂದ ಹೊರಟ ತಂತಿ ಹಲಸಿನ ಮರ, ತೆಂಗಿನ ಮರ, ಅವರಿವರ ಮನೆಯ ಮಾಡಿನ ಮೂಲೆ ಹಿಡಿದು ಹೊಳೆಯ ದಂಡೆಯ ತನಕ ಇಳಿಯುತ್ತಿತ್ತು.

ವಾಹಿನಿಯ ಶಕ್ತಿ ಅಷ್ಟಕ್ಕಷ್ಟೆ. ಮೇಲಿನ ಹತ್ತು ಮನೆಗಳಲ್ಲಿ ಶೆಟ್ಟರ ಮೀಸೆಯ ಕೂದಲು ಎಣಿಸಬಹುದಿತ್ತು. ನಡುವಿನ ಮನೆಗಳಲ್ಲಿ ಮೀಸೆ ಇದೆಯೋ ಇಲ್ಲವೋ ಎಂದು ಚರ್ಚೆಯಾಗುತ್ತಿತ್ತು. ಹೊಳೆಯ ಬದಿಯ ಮನೆಗಳಿಗೆ ತಲುಪುವಾಗ ಶೆಟ್ಟರು ದೊಡ್ಡ ಮಳೆಯಲ್ಲಿ ಕೊಡೆ ಹಿಡಿದು ನಿಂತ ಯಾರೋ ಒಬ್ಬರ ಹಾಗೆ ಕಾಣುತ್ತಿದ್ದರು. ಮಾತು ಮಾತ್ರ ಚೆನ್ನಾಗಿ ಕೇಳುತ್ತಿತ್ತು.

ಇದಕ್ಕೆ ಕಾರಣ ಪಾಂಡು. ಪಾಂಡು ಮೀನುಗಾರರ ಮನೆಯವನು, ಬೋಟಿನ ಕೆಲಸ ಬಿಟ್ಟು ಶೆಟ್ಟರ ಕೆಮರಾ ಹಿಡಿದವನು. ತಂತಿ ಎಳೆದವನೂ ಅವನೇ. ಎರಡು ತುಂಡು ತಂತಿ ಸೇರಿಸಬೇಕಾದ ಕಡೆಯಲ್ಲೆಲ್ಲ ಅವನು ತನಗೆ ಗೊತ್ತಿದ್ದ ಗಂಟು ಹಾಕಿದ, ಬಲೆಯ ಗಂಟು. ಕಡಲು ಎಳೆದರೂ ಬಿಚ್ಚದ ಗಂಟು ಅದು. ಹಾಗೆ ಅರವತ್ತಮೂರು ಗಂಟುಗಳಾದವು. ಒಂದೊಂದು ಗಂಟಿನಲ್ಲೂ ಚಿತ್ರ ಚೂರು ಚೂರು ಹಿಂದೆ ಉಳಿಯುತ್ತಿತ್ತು.

ಮೊದಲ ವರ್ಷ ವಾಹಿನಿಯಲ್ಲಿ ಬಂದದ್ದು ಮದುವೆ, ಬಾಲವಾಡಿಯ ಮಕ್ಕಳ ಹಾಡು, ಶೆಟ್ಟರ ಭಾಷಣ, ಮತ್ತೆ ಯಕ್ಷಗಾನದ ಆಟದ ಕ್ಯಾಸೆಟ್ಟು. ಅಷ್ಟೇ ಆಗಿದ್ದರೆ ಆ ವಾಹಿನಿ ಎರಡು ಮಳೆಗಾಲದಲ್ಲಿ ತನ್ನಷ್ಟಕ್ಕೆ ನಿಲ್ಲುತ್ತಿತ್ತು. ನಿಲ್ಲದ ಹಾಗೆ ಮಾಡಿದವನು ದುಗ್ಗಪ್ಪ.

ದುಗ್ಗಪ್ಪ ಬೈಲಿನ ಗದ್ದೆ ಮಾಡಿಕೊಂಡಿದ್ದವನು. ಅವನ ಹಾಲು ಕರೆಯುವ ಎಮ್ಮೆ ಕಾಣೆಯಾಯಿತು. ಈ ಸೀಮೆಯಲ್ಲಿ ಏನು ಕಾಣೆಯಾದರೂ, ಏನು ಬೇಕಾದರೂ ಅಮ್ಮನವರಿಗೆ ಒಂದು ಹರಕೆಯಾಟ ಹೇಳಿಕೊಳ್ಳುವುದು ಹಿಂದಿನಿಂದ ಬಂದ ಕ್ರಮ. ಇಷ್ಟಾರ್ಥ ಆದ ಮೇಲೆ ಮೇಳ ಕರೆಸಿ, ಮನೆ ಎದುರು ಬೆಳಗಿನ ತನಕ ಆಟ ಆಡಿಸಿ ಒಪ್ಪಿಸಬೇಕು. ದುಗ್ಗಪ್ಪ ಹೇಳಿಕೊಂಡ, ನಾಲ್ಕನೇ ದಿನಕ್ಕೆ ಎಮ್ಮೆ ಸಿಕ್ಕಿತು. ಆದರೆ ಮೇಳದವರ ಹತ್ತಿರ ಕೇಳಿದರೆ, ಹದಿನೇಳು ವರ್ಷದ ತನಕ ಒಂದು ದಿನವೂ ಖಾಲಿ ಇಲ್ಲ. ಅವನು ಸೀದಾ ಶೆಟ್ಟರ ಉಪ್ಪರಿಗೆ ಹತ್ತಿದ.

"ಹದಿನೇಳ್ ವರ್ಷಕ್ಕೆ ಎಮ್ಮಿ ಇಪ್ಪುದಾ ಶೆಟ್ರೆ? ನಾ ಇಪ್ಪುದಾ? ನಿಮ್ಮ ಟಿವಿಲಿ ಒಂದ್ ಆಟದ್ ಕ್ಯಾಸೆಟ್ ಹಾಕಿ. ನನ್ ಹೆಸ್ರ್ ಹಾಕಿ. ಅಮ್ಮನಿಗೆ ಮುಟ್ಟತ್ತ್."

"ಅದಕ್ಕೆಂತ, ಹಾಕುವ," ಎಂದರು ಶೆಟ್ಟರು.

ಇಲ್ಲಿಯ ತನಕ ತೊಂದರೆ ಇರಲಿಲ್ಲ. ದುಗ್ಗಪ್ಪ ಕ್ರಮ ತಿಳಿದವನು. ಹರಿವಾಣದಲ್ಲಿ ಐದು ವೀಳ್ಯದೆಲೆ, ಒಂದು ಅಡಿಕೆ, ಒಂದು ತೆಂಗಿನಕಾಯಿ ಇಟ್ಟು ಮುಂದೆ ಹಿಡಿದ. ಮೇಳದ ಯಜಮಾನರು ವೀಳ್ಯ ತೆಗೆದುಕೊಂಡರೆ ಮಾತು ಕೊಟ್ಟ ಹಾಗೆ. ಆಕಾಶ ಕೆಳಗೆ ಬಿದ್ದರೂ ಆಟ ಆಗಲೇಬೇಕು. ಭೋಜರಾಜ ಶೆಟ್ಟರು ಹೋಟೆಲಿನವರು. ಯಾರು ಏನು ಮುಂದೆ ಹಿಡಿದರೂ ಕೈ ಚಾಚುವುದು ಅವರ ಅಭ್ಯಾಸ. ತೆಗೆದುಕೊಂಡರು. ಒಂದೆಲೆ ಬಾಯಿಗೂ ಹಾಕಿಕೊಂಡರು.

ಮೆಟ್ಟಿಲ ಹತ್ತಿರ ನಿಂತಿದ್ದ ಅಮ್ಮಣ್ಣಿ, "ಹ್ವಾಯ್, ವೀಳ್ಯ ತಕಂಬುಕೆ ನೀವೆಂತ ಮೇಳದ್ ಯಜಮಾನ್ರಾ?" ಎಂದರು.

"ಒಂದೆಲೆ ತಿಂದ್ರೆ ಎಂತಾತ್ತ್?"

ಆದದ್ದೇನೆಂದರೆ, ಮಾರನೆಯ ವಾರ ಮೂರು ಹರಿವಾಣ ಬಂದವು. ಆ ತಿಂಗಳ ಕೊನೆಗೆ ಮೂವತ್ತು. ದುಗ್ಗಪ್ಪನ ಎಮ್ಮೆ ಬಂದ ಸುದ್ದಿ ಬಸ್ಸು ಹತ್ತಿ ಬ್ರಹ್ಮಾವರಕ್ಕೂ ಬೈಂದೂರಿಗೂ ಹೋಗಿತ್ತು. ಮೇಳದಲ್ಲಿ ದಿನ ಸಿಗದವರೆಲ್ಲ ಗುಲ್ವಾಡಿಗೆ ಬಂದರು. ಮೊದಲು ಆಟದ ಕ್ಯಾಸೆಟ್ ಹಾಕಿದರೆ ಸಾಕಿತ್ತು. ಮತ್ತೆ ಜನ ತಮತಮಗೆ ತೋಚಿದ್ದನ್ನು ಹೇಳಿಕೊಳ್ಳತೊಡಗಿದರು. ಬಾವಿಯಲ್ಲಿ ನೀರು ಬಂದರೆ ಬಾವಿಯನ್ನು ಒಂದು ದಿನ ಟಿವಿಯಲ್ಲಿ ತೋರಿಸುತ್ತೇನೆ. ಮಗಳಿಗೆ ಸಂಬಂಧ ಕೂಡಿದರೆ ಅಳಿಯನನ್ನು ತೋರಿಸುತ್ತೇನೆ. ಮಂಡಿನೋವು ಕಡಿಮೆಯಾದರೆ ಮಂಡಿ ತೋರಿಸುತ್ತೇನೆ. ಬಸ್ರೂರಿನ ಒಬ್ಬರ ಮಂಡಿ ಒಂದು ಶುಕ್ರವಾರ ಬೆಳಿಗ್ಗೆಯಿಂದ ಸಂಜೆಯ ತನಕ ಬಂದಿತ್ತು, ಕೆಳಗೆ 'ಸೇವಾಕರ್ತರು' ಎಂದು ಹೆಸರು ಹಾಕಿ.

ಶೆಟ್ಟರು ಒಂದು ದಪ್ಪ ಪುಸ್ತಕ ತಂದರು. ಯಾರು, ಯಾವ ಊರು, ಯಾವ ದಿನ. ವಾರಕ್ಕೆ ಮೂರು ಹರಕೆ ಎಂದು ಇಟ್ಟರೂ ಪುಸ್ತಕ ತುಂಬಿ ಎರಡನೆಯದು ಬಂತು, ಮೂರನೆಯದು ಬಂತು.

ಹೀಗೆ ವರ್ಷಗಳು ಹೋದವು. ಮನೆಮನೆಯ ಮಾಡಿನ ಮೇಲೆ ಡಿಶ್ಶಿನ ಬಿಳಿ ಬುಟ್ಟಿಗಳು ಎದ್ದವು. ಆಮೇಲೆ ಎಲ್ಲರ ಕೈಗೆ ಮೊಬೈಲು ಬಂತು. ಹೊಳೆಬದಿ ವಾಹಿನಿಯ ತಂತಿ ಇದ್ದ ಮನೆಗಳು ಹನ್ನೊಂದಕ್ಕೆ ಇಳಿದವು. ಅದರಲ್ಲಿ ನಾಲ್ಕು ಮನೆಯವರು ತಂತಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದರು. ಆದರೆ ಹರಕೆಗೆ ನೋಡುವವರು ಬೇಕೆಂದಿಲ್ಲವಲ್ಲ. ಹರಿವಾಣ ಬರುತ್ತಲೇ ಇದ್ದವು. ಶೆಟ್ಟರು ಎಪ್ಪತ್ತನಾಲ್ಕು ಮುಗಿಸುವ ಹೊತ್ತಿಗೆ ಪುಸ್ತಕದಲ್ಲಿ ಕೊನೆಯ ಹರಕೆಯ ದಿನ ಎರಡು ಸಾವಿರದ ನಲವತ್ತೊಂಬತ್ತನೇ ಇಸವಿಗೆ ಹೋಗಿ ಮುಟ್ಟಿತ್ತು.

ಆ ವರ್ಷವೇ ಅವರ ಮಗ ಅಜಿತ್ ಬ್ರಹ್ಮಾವರದಲ್ಲಿ ಹೋಟೆಲು ತೆರೆದ. ಮೀನಿನ ಊಟಕ್ಕೆ ಜನ ಸಾಲು ನಿಲ್ಲುವಂಥ ಹೋಟೆಲು. ಫೋನ್ ಮಾಡಿ, "ಅಪ್ಪಯ್ಯ, ಗಲ್ಲೆಗೆ ಕೂಕಂಬುಕೆ ನೀವೇ ಬನ್ನಿ. ಬೇರೆಯವ್ರನ್ನ ಕೂರ್ಸುದಿಲ್ಲೆ. ಕುರ್ಚಿ ಖಾಲಿ ಇಟ್ಟಿದ್ದೆ, ಮೇಲೆ ಬೈರಾಸ್ ಹಾಸಿದ್ದೆ," ಎಂದ.

ಶೆಟ್ಟರಿಗೆ ಅದನ್ನು ಕೇಳಿ ಅಂಗೈ ತುರಿಸಿತು. ಗಲ್ಲೆಯಲ್ಲಿ ಕುಳಿತು, ಒಳಗೆ ಬರುವವನ ಮುಖ ನೋಡಿಯೇ ಇವನಿಗೆ ಬಂಗುಡೆ, ಇವನಿಗೆ ಕಾಣೆ ಮೀನು ಎಂದು ಹೇಳುವ ಸುಖ ಅವರಿಗೆ ಮತ್ತೆಲ್ಲೂ ಸಿಕ್ಕಿರಲಿಲ್ಲ. ಆದರೆ ಗುಲ್ವಾಡಿ ಬಿಡುವುದು ಹೇಗೆ? ವೀಳ್ಯ ತೆಗೆದುಕೊಂಡಿದ್ದಾರೆ. ದೇವಸ್ಥಾನದ ಭಟ್ಟರ ಹತ್ತಿರ ಹೋಗಿ ಕೇಳಿದರು. ಭಟ್ಟರು ಕೇಳಿದ್ದು ಒಂದೇ ಮಾತು: ಎಲೆ ತೆಗೆದುಕೊಂಡದ್ದು ಯಾರು?

"ನಾನೇ."

"ಹಂಗಾರೆ ನೀವೇ ತೀರ್ಸ್ಕ್. ನೀವಿಲ್ದಿರೆ ಮಗ. ಮಗ ಇಲ್ದಿರೆ ಮೊಮ್ಮಗ."

ಇದನ್ನು ಕೇಳಿದ ಅಜಿತ್ ಎರಡು ದಿನ ಫೋನೇ ಎತ್ತಲಿಲ್ಲ. ಅಮ್ಮಣ್ಣಿ ಮಾತ್ರ ಅನ್ನ ಬಡಿಸುತ್ತ, "ನಲವತ್ತೊಂಬತ್ತನೇ ಇಸ್ವಿ ತನ್ಕ ನಿಮ್ಗೆ ಸಾವಿಲ್ಲೆ. ಆ ಭಾಗ್ಯ ಮತ್ತ್ಯಾರಿಗಿತ್ತ್ ಹೇಳಿ?" ಎಂದರು. ರಾತ್ರಿ ಮಲಗಿದಾಗ ಶೆಟ್ಟರಿಗೆ ಖಾಲಿ ಕುರ್ಚಿ ಕಣ್ಣಿಗೆ ಬರುತ್ತಿತ್ತು, ಹೆಗಲಿಗೆ ಹಾಕುವ ಬೈರಾಸು ಹಾಸಿದ್ದು.

ದಾರಿ ಹೇಳಿದವನು ಪಾಂಡು. ಅವನಿಗೂ ಆಗ ಅರವತ್ತು ಹತ್ತಿರ.

"ಶೆಟ್ರೆ, ಎರಡ್ ಮೇಳ ಒಂದೇ ಗದ್ದೆಲಿ ಎದ್ರಾ ಬದ್ರಾ ಜೋಡಾಟ ಆಡ್ತ್ರಲೆ. ನಾವೂ ಜೋಡಾಟ ಮಾಡುವ. ಟಿವಿನ ಎರಡ್ ಪಾಲ್ ಮಾಡುದ್. ಈಚಿ ಬದಿ ಒಬ್ರ್ ಹರಕಿ, ಆಚಿ ಬದಿ ಇನ್ನೊಬ್ರದ್ದ್."

"ಶಾಸ್ತ್ರಕ್ಕೆ ಬತ್ತಾ ಅದ್?"

"ಜೋಡಾಟ ಶಾಸ್ತ್ರಕ್ಕ್ ಬತ್ತಲೆ!"

ಭಟ್ಟರನ್ನು ಕೇಳಿದರೆ ಅವರೂ ತಲೆಯೆತ್ತಿ ಮಾಡಿನ ಹಂಚು ನೋಡಿ, ಆಗಬಹುದು ಎಂದರು. ದೀಪಾವಳಿಯ ಮಾರನೆಯ ದಿನ ಜೋಡಾಟ ಸುರುವಾಯಿತು. ಎರಡು ಪಾಲು ಆದದ್ದು ನಾಲ್ಕಾಯಿತು, ನಾಲ್ಕು ಹದಿನಾರಾಯಿತು. ವಾರಕ್ಕೆ ಮೂರು ದಿನ ಎಂಬುದು ಹೋಗಿ ದಿನಾ ಎಂದಾಯಿತು. ಒಂದು ಚೌಕದಲ್ಲಿ ಆಟ, ಅದರ ಪಕ್ಕ ಒಂದು ಬಾವಿ, ಅದರ ಕೆಳಗೆ ಒಬ್ಬ ಅಳಿಯ, ಅವನ ಪಕ್ಕ ಬಾಣಂತಿ ದನ. ಎಲ್ಲದರ ಶಬ್ದ ಒಟ್ಟಿಗೇ. ಅಳಿಯ ಬಾಯಿ ತೆರೆದರೆ ಚೆಂಡೆ ಕೇಳುತ್ತಿತ್ತು.

ಸೇವಾಕರ್ತರು ಹರಕೆ ಕಣ್ಣಾರೆ ಕಾಣಬೇಕೆಂದು ಉಪ್ಪರಿಗೆಗೇ ಬಂದು ಕೂರುತ್ತಿದ್ದರು. ದಿನಕ್ಕೆ ಹದಿನಾರು ಮನೆಯವರು, ಒಂದೇ ಟಿವಿ. ದುಗ್ಗಪ್ಪನಿಗೂ ಎರಡನೇ ಹರಕೆ ಇತ್ತು; ಮೊದಲಿನ ಎಮ್ಮೆಯ ಮೊಮ್ಮಗಳು ಗಬ್ಬ ಕಟ್ಟಿತ್ತು.

"ಪಾಂಡು, ನನ್ ಎಮ್ಮಿ ಎಲ್ಲಿತ್ತ್?"

"ಕೆಳ್ಗೆ, ಬಲಬದಿ, ಮೂರ್ನೇದ್."

"ಅದ್ ಎಮ್ಮಿಯಾ! ನಾ ನೊಣ ಕೂತಿತ್ ಅಂದೇಳಿ ಎರಡ್ ಸರ್ತಿ ಒರ್ಸಿದೆ."

"ಎಮ್ಮಿ ಮೈ ಒರ್ಸಿದಾಂಗೂ ಆಯ್ತ್ ತಕೋ," ಎಂದ ಪಾಂಡು. ಅಮ್ಮನವರ ಹೆಸರು ಹೇಳಿ ಕಾಯಿ ಒಡೆದು, ದುಗ್ಗಪ್ಪ ಗೊಣಗುತ್ತ ಮೆಟ್ಟಿಲಿಳಿದ.

ಮೂಲೆಯ ಚೌಕ ಸಿಕ್ಕಿತೆಂದು ಜಗಳ, ಬಾವಿಯ ಕೆಳಗೆ ಅಳಿಯನನ್ನು ಹಾಕಿದರೆಂದು ಜಗಳ. ಆದರೂ ಕೆಲಸ ನಡೆಯಿತು. ಒಂದೊಂದು ಹರಕೆ ತೀರಿದ ಹಾಗೆ ಶೆಟ್ಟರು ಪುಸ್ತಕದಲ್ಲಿ ಗೆರೆ ಎಳೆಯುತ್ತಿದ್ದರು. ಗೆರೆ ಎಳೆಯುವಾಗಲೆಲ್ಲ ಬ್ರಹ್ಮಾವರ ಒಂದಿಷ್ಟು ಹತ್ತಿರ ಬಂದ ಹಾಗೆ ಅವರಿಗೆ ಅನಿಸುತ್ತಿತ್ತು. ಕೊನೆಯ ತಿಂಗಳು ಇಪ್ಪತ್ತೈದು ಚೌಕ ಮಾಡಿದರು. ಮಳೆ ಬಲವಾಗುವ ಹೊತ್ತಿಗೆ ಪುಸ್ತಕದಲ್ಲಿ ನಲವತ್ತೊಂಬತ್ತನೇ ಇಸವಿಯೂ ಮುಗಿಯಿತು.

ಶೆಟ್ಟರು ಬಟ್ಟೆ ಮಡಚಿ ಪೆಟ್ಟಿಗೆಗೆ ಹಾಕುತ್ತಿದ್ದರು. ಪಾಂಡು ಸುಮ್ಮನೆ ಮೊದಲಿನ ಪುಸ್ತಕ ತಿರುವುತ್ತಿದ್ದವನು, "ಶೆಟ್ರೆ, ಇಲ್ಲೊಂದ್ ಇತ್ತ್," ಎಂದ.

ಎರಡನೇ ವರ್ಷದ ಹಾಳೆ. ದಿನ ಬರೆಯುವ ಜಾಗ ಖಾಲಿ. 'ಸುಗುಣ, ಹೊಳೆಬದಿ. ಆದ ಮೇಲೆ' ಎಂದಷ್ಟೇ ಬರೆದಿತ್ತು. ಹೇಳಿಕೊಂಡದ್ದು ಆದ ಮೇಲೆ ಹರಕೆ ಕೊಡುತ್ತಾಳೆ ಎಂದು ಅರ್ಥ. ಇಪ್ಪತ್ತೆರಡು ವರ್ಷವಾದರೂ ಅವಳ ಇಷ್ಟಾರ್ಥ ಆಗಿರಲಿಲ್ಲ. ಆಗದ ಹೊರತು ಹರಕೆ ತೀರುವ ಹಾಗಿಲ್ಲ.

"ಅವ್ಳ್ ಎಂತ ಹೇಳ್ಕಂಡದ್ದ್?" ಎಂದರು ಶೆಟ್ಟರು.

"ನಂಗೊತ್ತಿಲ್ಲೆ. ಎಲೆ ತಕಂಡದ್ದ್ ನೀವ್."

ಸುಗುಣ ಮೀನು ಮಾರುವವಳು. ಬೆಳಿಗ್ಗೆ ಬುಟ್ಟಿ ಹಿಡಿದು ಕುಂದಾಪುರದ ಬಸ್ಸು ಹತ್ತಿದರೆ ಮಧ್ಯಾಹ್ನಕ್ಕೆ ವಾಪಸು. ತಂತಿಯ ಕಟ್ಟಕಡೆಯ ಮನೆ ಅವಳದ್ದು, ಅದರಾಚೆ ಹೊಳೆ. ಶೆಟ್ಟರು ಕೊಡೆ ಹಿಡಿದುಕೊಂಡು ಪಾಂಡುವಿನ ಜೊತೆ ಅಲ್ಲಿಗೆ ಹೋದಾಗ ಅವಳು ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದಳು. ಒಳಗೆ ಟಿವಿ ಹಾಕಿತ್ತು. ಅದರಲ್ಲಿ ಬೂದಿ ಬಣ್ಣದ ಮಳೆ ಸುರಿಯುತ್ತಿತ್ತು.

"ಬನ್ನಿ ಶೆಟ್ರೆ, ಕೂಕಣಿ. ಈಗ ನೆನ್ಪಾಯ್ತಾ?"

"ಸುಗುಣಾ, ನೀನ್ ಹೇಳ್ಕಂಡದ್ದೆಂತ ಮಾರಾಯ್ತಿ?"

ಅವಳು ಒಳಗಿನ ಟಿವಿಯ ಕಡೆಗೆ ಕೈ ತೋರಿಸಿದಳು. "ಇದ್ರಲ್ಲಿ, ನನ್ ಮನೆ ಟಿವಿಲಿ, ನಾ ಮೀನ್ ಗಸಿ ಮಾಡದ್ದ್ ಸಮ ಕಾಂಬ್ಹಾಂಗ್ ಬಂದ್ರೆ ಅಮ್ಮನಿಗೊಂದ್ ದಿನ ಅಂದೇಳಿ."

ಆಗ ಶೆಟ್ಟರಿಗೆ ನೆನಪಾಯಿತು. ಆ ಕಾಲದಲ್ಲಿ 'ಇವತ್ತಿನ ಪದಾರ್ಥ' ಎಂದು ವಾಹಿನಿಯಲ್ಲಿ ಅಡುಗೆ ತೋರಿಸುತ್ತಿದ್ದರು. ಶೆಟ್ಟರು ಮೈಕು ಹಿಡಿದು ಪಕ್ಕದಲ್ಲಿ ನಿಲ್ಲುವುದು, ಊರಿನ ಒಬ್ಬಳು ಹೆಂಗಸು ಅಡುಗೆ ಮಾಡುವುದು. ಒಂದು ದಿನ ಸುಗುಣ ಬಂಗುಡೆ ಗಸಿ ಮಾಡಿದ್ದಳು. ಊರಲ್ಲಿ ಯಾರ ಮನೆಯಲ್ಲಿ ಮೀನೂಟವಿದ್ದರೂ ಒಲೆ ಮುಂದೆ ಸುಗುಣನೇ ಆಗಬೇಕಿದ್ದ ಕಾಲ ಅದು.

"ನೆನ್ಪಿತ್ತ್. ಲಾಯ್ಕ್ ಆಯಿದಿತ್."

"ನಿಮ್ಗೆ ಲಾಯ್ಕ್. ಆ ದಿನ ಸಂಜಿಗೆ ಪಕ್ಕದ್ಮನಿ ಕಮಲ ಬಂದ್, 'ಎಂತ ಸುಗುಣಾ, ಸೌಟ್ ನೆಕ್ಕಿ ತಿರ್ಗಿ ಮಡ್ಕಿಗೇ ಹಾಕ್ದ್ಯಲೆ, ಊರಿಡೀ ಕಂಡೊ' ಅಂದ್ಳ್. ಎಂಜಲ್ ಸೌಟ್! ಅಲ್ಲಿಂದ ಇಲ್ಲಿ ತನ್ಕ ಒಂದ್ ಮನಿಯವ್ರೂ ನನ್ನ ಒಲೆ ಮುಂದೆ ಕರೀಲಿಲ್ಲೆ. ನಾ ರುಚಿ ಕಾಂಬ್ದ್ ಅಂಗೈ ಮೇಲ್ ಬಿಟ್ಕಂಡ್. ನನ್ನಬ್ಬೆ ಕಲ್ಸದ್ದೇ ಹಂಗೆ. ಆರೆ ಇಪ್ಪತ್ತೆರಡ್ ವರ್ಷ ಎಲ್ರೂ ನೆಕ್ಕದ್ದ್ ನೆಕ್ಕದ್ದ್ ಅಂದ್ರೆ..." ಅವಳು ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. "ಈಗೀಗ ನಂಗೇ ಗೊತ್ತಾತಿಲ್ಲೆ. ನೆಕ್ಕಿದ್ನೇನೋ ಕಾಂತ್."

"ಅದಕ್ಕೆಂತ? ಉಪ್ಪರಿಗೆಗೆ ಬಾ. ಕ್ಯಾಸೆಟ್ ಇದ್ರೆ ಅಲ್ಲೇ ತೋರ್ಸ್ವ. ನೀ ಕಾಣ್, ಹರಕಿ ಒಪ್ಸ್, ಮುಗೀತ್."

"ಹಂಗಾತ್ತಿಲ್ಲೆ. ನಾ ಹೇಳ್ಕಂಡದ್ದ್ ನನ್ ಮನಿಲಿ ಕಾಣ್ಕ್ ಅಂದೇಳಿ. ಕಮಲ ಕಂಡದ್ದೂ ಅವ್ಳ್ ಮನಿಲೇ ಅಲ್ದಾ?"

ಶೆಟ್ಟರು ಮನೆಗೆ ಬಂದು ಕ್ಯಾಸೆಟ್ ಹುಡುಕಿಸಿದರು. ಪಾಂಡು, "ಅದ್ ಅಳ್ಸಿ ಹೋಯ್ತೇನೋ ಶೆಟ್ರೆ, ಬೂಷ್ಟ್ ಹಿಡ್ದಿರ್ಕ್," ಎಂದು ತಲೆ ಕೆರೆದುಕೊಂಡ. ಹುಡುಕುವುದರಲ್ಲಿ ಅವನಿಗೆ ಅಷ್ಟೇನೂ ಮನಸ್ಸಿದ್ದ ಹಾಗೆ ಕಾಣಲಿಲ್ಲ. ಸಿಕ್ಕಿದ್ದು ಅಮ್ಮಣ್ಣಿಗೆ. ಮಳೆಗಾಲದ ತೇವ ತಾಗದಿರಲಿ ಎಂದು ಅವರು ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದರು.

ಇನ್ನು ಚಿತ್ರ ಹೊಳೆಬದಿಗೆ ತಲುಪಬೇಕು. ಗಂಟು ಬಿಚ್ಚುವುದೆಂದು ಹೊರಟರು. ಬಲೆಯ ಗಂಟು ಬಿಚ್ಚಲಿಲ್ಲ. ಶೆಟ್ಟರು ಹೊಸ ತಂತಿ ತರಿಸಿದರು. ಪಾಂಡು ಮೂರು ದಿನ ಮಳೆಯಲ್ಲಿ ನೆನೆದು ಮರ ಹತ್ತಿ ಇಳಿದು ಎಳೆದ. ನಾಲ್ಕನೇ ದಿನ ಗುಂಡಿ ಒತ್ತಿದರೆ ಸುಗುಣನ ಮನೆಯಲ್ಲಿ ಅದೇ ಬೂದಿ ಮಳೆ. ಶೆಟ್ಟರು ತಂತಿ ಹಿಡಿದು ನಡೆಯುತ್ತ ಹೋಗಿ ನೋಡಿದರೆ ಜೋಡಿಸಿದ ಕಡೆಯಲ್ಲೆಲ್ಲ ಬಲೆಯ ಗಂಟು. ಈ ಸಲ ಅರವತ್ತೈದು.

"ಮತ್ತೆ ಗಂಟ್ ಹಾಕಿದ್ಯಾ ಪಾಂಡು!"

"ನಾ ಹಾಕಲ್ಲೆ ಶೆಟ್ರೆ. ಕೈ ಹಾಕಿತ್."

ಶೆಟ್ಟರು ಅಲ್ಲೇ, ಹಲಸಿನ ಮರದ ಕೆಳಗೆ, ಒಂದು ಕಲ್ಲಿನ ಮೇಲೆ ಕುಳಿತರು. ಪೆಟ್ಟಿಗೆಯಲ್ಲಿ ಮಡಚಿಟ್ಟ ಬಟ್ಟೆಗೆ ಮುಗ್ಗಲು ವಾಸನೆ ಬರತೊಡಗಿತ್ತು. ಅಜಿತ್ ಹಿಂದಿನ ದಿನವಷ್ಟೇ, "ಕುರ್ಚಿ ಮೇಲ್ ಯಾರೋ ಪಾರ್ಸಲ್ ಇಟ್ಟಿದ್ರ್ ಅಪ್ಪಯ್ಯ, ನಾ ತೆಗ್ಸ್ದೆ," ಎಂದಿದ್ದ. ಇವತ್ತು ಪಾರ್ಸಲ್ ಇಟ್ಟವರು ನಾಳೆ ಕೂರುವುದಿಲ್ಲ ಎಂದು ಹೇಗೆ ಹೇಳುವುದು? ಶೆಟ್ಟರು ಎದ್ದರು.

"ಚಿತ್ರ ಅವ್ಳ್ ಮನಿಗ್ ಹೋತಿಲ್ಲೆ ಅಂದ್ರೆ ವಾಹಿನಿಯೇ ಹೋಯ್ಲಿ."

"ಎಂತದ್?"

"ವಾಹಿನಿ. ಎಲ್ಲಾ. ದೋಣಿ ತಾ."

ಹೊಳೆ ಉಕ್ಕಿ ಹೊಳೆಬದಿಯ ದಾರಿಯಲ್ಲಿ ಮೊಣಕಾಲು ನೀರಿತ್ತು. ಹಾಗಾಗಿ ಹೊಳೆಬದಿ ವಾಹಿನಿ ದೋಣಿಯಲ್ಲಿ ಹೋಯಿತು. ಕ್ಯಾಸೆಟ್ ಹಾಕುವ ಪೆಟ್ಟಿಗೆ, ಇನ್ನೊಂದು ಪೆಟ್ಟಿಗೆ, ಹೆಸರಿನ ಹಲಗೆ, ಅಮ್ಮನವರ ಪಟ, ಮೂರು ಹರಕೆ ಪುಸ್ತಕ. ನಡುವಿನಲ್ಲಿ ಶೆಟ್ಟರು ಮತ್ತು ಅಮ್ಮಣ್ಣಿ, ಎಲ್ಲದಕ್ಕೂ ಸೇರಿ ಒಂದು ಕೊಡೆ. ದಂಡೆಯ ಮೇಲಿನ ಮನೆಯವರು ಬಾಗಿಲಿಗೆ ಬಂದು ನಿಂತು ಕೈ ಮುಗಿದರು. ಯಾವುದೋ ದೇವರು ಎಲ್ಲಿಗೋ ಹೊರಟಿದೆ ಎಂದುಕೊಂಡವರೂ ಇದ್ದರು.

ಸುಗುಣನ ಒಳಗಿನ ಕೋಣೆಯಲ್ಲಿ, ಮೀನಿನ ಬುಟ್ಟಿ ಇಡುವ ಮಣೆಯ ಮೇಲೆ ವಾಹಿನಿಯನ್ನು ಇಟ್ಟರು. ಅಲ್ಲಿಂದ ಟಿವಿಗೆ ಒಂದು ಮಾರು ತಂತಿ. ಪಾಂಡುವಿನ ಎರಡೂ ಕೈಯನ್ನು ಅಮ್ಮಣ್ಣಿ ಹಿಡಿದುಕೊಂಡಿದ್ದರು. ತಂತಿ ಸಿಕ್ಕಿಸಿದ್ದು ಶೆಟ್ಟರೇ. ಗಂಟಿಲ್ಲ. ಗುಂಡಿ ಒತ್ತಿದರು.

ಬೂದಿ ಮಳೆ ನಿಂತಿತು. ಒಮ್ಮೆ ಅಲುಗಾಡಿ, ಚಿತ್ರ ಬಂತು.

ಇಪ್ಪತ್ತೆರಡು ವರ್ಷ ಚಿಕ್ಕವಳಾದ ಸುಗುಣ, ಕೆಂಪು ಅಂಚಿನ ಸೀರೆ ಉಟ್ಟು, ಒಲೆಯ ಮುಂದೆ. ಪಕ್ಕದಲ್ಲಿ ಕಪ್ಪು ಮೀಸೆಯ ಶೆಟ್ಟರು. ಮಡಕೆಯಲ್ಲಿ ಗಸಿ ಕೊತಕೊತ ಕುದಿಯುವುದು ಕೂಡ ಕಾಣುತ್ತಿತ್ತು. ಸುಗುಣ ನೆಲದ ಮೇಲೆ, ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕುಳಿತಳು. ಬಾಗಿಲ ಹೊರಗೆ ಪಕ್ಕದ ಮನೆಯ ಕಮಲ ಬಂದು ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ.

ಟಿವಿಯೊಳಗಿನ ಸುಗುಣ ಸೌಟು ಎತ್ತಿದಳು. ಅಂಗೈ ಮೇಲೆ ಒಂದು ಹನಿ ಬಿಟ್ಟುಕೊಂಡಳು. ಸೌಟನ್ನು ಮಡಕೆಗೆ ಹಾಕಿ, ಅಂಗೈಯನ್ನು ಬಾಯಿಗೆ ಹಾಕಿ ರುಚಿ ನೋಡಿ, ಆ ಕೈ ತೊಳೆದುಕೊಂಡಳು.

"ಅಂಗೈಲಿ!" ಎಂದು ಕೂಗಿದಳು ನೆಲದ ಮೇಲಿನ ಸುಗುಣ. "ಕಂಡ್ರಾ? ಅಂಗೈಲಿ!"

ಒಳಗಿನ ಸುಗುಣ ತೆಂಗಿನೆಣ್ಣೆಯ ಕುಪ್ಪಿ ತರುವುದಕ್ಕೆ ಆಚೆ ತಿರುಗಿದಳು. ಆಗ ಪಕ್ಕದಲ್ಲಿದ್ದ ಶೆಟ್ಟರು ಮೈಕನ್ನು ಎಡಗೈಗೆ ಬದಲಾಯಿಸಿಕೊಂಡರು. ಬಲಗೈಯಲ್ಲಿ ಸೌಟು ತೆಗೆದರು. ಒಳಮೈ ನೆಕ್ಕಿದರು, ತಿರುಗಿಸಿ ಹೊರಮೈ ನೆಕ್ಕಿದರು. ಮೀಸೆ ಒರೆಸಿಕೊಂಡು ಸೌಟನ್ನು ಮಡಕೆಗೆ ಹಾಕಿ ಎರಡು ಸುತ್ತು ತಿರುವಿದರು. ಕೆಮರಾದ ಕಡೆ ನೋಡಿ, "ಲಾಯ್ಕ್ ಆಯ್ತ್!" ಎಂದರು.

ಕೋಣೆಯಲ್ಲಿದ್ದವರೆಲ್ಲ ಟಿವಿ ಬಿಟ್ಟು ಶೆಟ್ಟರ ಕಡೆ ತಿರುಗಿದರು.

ಶೆಟ್ಟರಿಗೆ ಇದು ನೆನಪೇ ಇರಲಿಲ್ಲ. ಹೋಟೆಲಿನ ಅಡುಗೆಮನೆಯಲ್ಲಿ ಯಜಮಾನನಾಗಿ ದಿನಕ್ಕೆ ಹತ್ತು ಸಲ ಮಾಡಿದ ಕೆಲಸ. ಕೈಯೇ ಮಾಡಿದ್ದು. ಮೇಲಿನ ಹತ್ತು ಮನೆಯವರು ಆ ದಿನ ಇದನ್ನು ಸ್ಪಷ್ಟವಾಗಿ ಕಂಡಿದ್ದರು. ಶೆಟ್ಟರಿಗೆ ಹೇಳುವುದು ಹೇಗೆಂದು ಸುಮ್ಮನಾದರು. ಹೊಳೆಬದಿಯವರು ಕಂಡದ್ದು ಮಳೆಯೊಳಗೆ ಒಂದು ಕೈ ಒಂದು ಬಾಯಿಗೆ ಹೋದದ್ದನ್ನು. ಒಲೆಯ ಮುಂದೆ ಇರುವವಳು ಹೆಂಗಸಲ್ಲದೆ ಮತ್ತಾರು ಎಂದು ಅವರು ಮಾತಾಡಿದರು.

"ಪಾಂಡು," ಎಂದರು ಶೆಟ್ಟರು ಕಡೆಗೆ. "ಕೆಮರಾ ಹಿಡ್ದದ್ದ್ ನೀನ್. ನಿಂಗ್ ಗೊತ್ತಿದ್ದಿತಾ?"

"ಗೊತ್ತಿದ್ದಿತ್."

"ಮತ್ತೆ ಹೇಳುಕೆಂತ ಆಯಿತ್?"

"ಕೆಮರಾ ಹಿಡ್ದವ ಬಾಯ್ ಬಿಡುಕಾಗ ಅಂದೇಳಿ ನೀವೇ ಹೇಳಿದ್ರಿ ಅಲ್ದಾ."

"ಅದ್ ಆ ಹೊತ್ತಿಗ್ ಹೇಳದ್ದ್!"

"ಯಾವತ್ತ್ ತನ್ಕ ಅಂದೇಳಿ ನೀವ್ ಹೇಳ್ಲಿಲ್ಲೆ."

ಹೊರಗಿಂದ ಕಮಲ, "ನಂಗ್ ಆಗ್ಳೇ ಸಂಶಯ ಇದ್ದಿತ್. ಅದ್ ಗಂಡಸ್ರ್ ಕೈ ಕಂಡಾಂಗೇ ಇದ್ದಿತ್," ಎಂದಳು.

ಸುಗುಣ ತಿರುಗಿ ನೋಡಲೂ ಇಲ್ಲ. ಎದ್ದಳು, ಒಳಗೆ ಹೋದಳು, ಹರಿವಾಣ ತಂದಳು. ಐದು ಎಲೆ, ಒಂದು ಅಡಿಕೆ, ಒಂದು ಕಾಯಿ. ಶೆಟ್ಟರ ಮುಂದೆ ಹಿಡಿದಳು.

"ಹೇಳ್ಕಂಡದ್ದ್ ಆಯ್ತ್ ಶೆಟ್ರೆ. ನಾಳೆ ನನ್ ಹರಕಿ. ಬೆಳಗ್ಗೆ ಆರ್ ಗಂಟಿಂದ ಸಂಜಿ ಆರ್ ಗಂಟಿ ತನ್ಕ. ಇದೇ ಕ್ಯಾಸೆಟ್. ಮುಗ್ದಾಂಗೆ ಸುರುವಿಂದ ಹಾಕ್ಕ್. ನೀವೇ ಹಾಕ್ಕ್."

"ಸುಗುಣಾ, ಬೇರೆ ಯಾವ್ದಾರೂ ಆಟದ್ದ್..."

"ಸೇವಾಕರ್ತ್ರ್ ನಾನ್."

ಶೆಟ್ಟರ ಕೈ ಮುಂದೆ ಬರಲಿಲ್ಲ. ಇಪ್ಪತ್ತನಾಲ್ಕು ವರ್ಷದಲ್ಲಿ ವೀಳ್ಯದ ಮುಂದೆ ಅವರ ಕೈ ಹಿಂಜರಿದದ್ದು ಅದೇ ಮೊದಲು. ಅಮ್ಮಣ್ಣಿ ಹತ್ತಿರ ಬಂದು ಸಣ್ಣ ಸ್ವರದಲ್ಲಿ, "ತಕಣಿ. ತಕಂಡ್ರೆ ಗಲ್ಲೆ," ಎಂದರು. ತೆಗೆದುಕೊಂಡರು. ಎಲೆ ಬಾಯಿಗೆ ಹಾಕಿಕೊಳ್ಳಲಿಲ್ಲ.

ಮಾರನೆಯ ದಿನ ಮಳೆ ಬಿಟ್ಟಿತ್ತು. ಗುಲ್ವಾಡಿಯಲ್ಲಿ ವಾಹಿನಿ ನೋಡುವವರು ಯಾರೂ ಇಲ್ಲ ಎಂದಿದ್ದರೂ ಬೆಳಿಗ್ಗೆ ಏಳಕ್ಕೆಲ್ಲ ಸುಗುಣನ ಅಂಗಳ ತುಂಬಿತ್ತು. ದುಗ್ಗಪ್ಪ ಮೊಮ್ಮಕ್ಕಳನ್ನು ಕರೆತಂದಿದ್ದ. ಟಿವಿಯನ್ನು ಜಗಲಿಗೆ ತಂದಿಟ್ಟರು. ಅರ್ಧ ಗಂಟೆಯ ಕ್ಯಾಸೆಟ್. ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಸಲ ಆಯಿತು. ಶೆಟ್ಟರು ಪಕ್ಕದಲ್ಲಿ ಮಣೆಯ ಮೇಲೆ ಕುಳಿತು ಹಿಂದಕ್ಕೆ ತಿರುಗಿಸುವುದು, ಮತ್ತೆ ಹಾಕುವುದು. ಮೊದಲ ನಾಲ್ಕು ಸಲ ಸೌಟು ಬಾಯಿಗೆ ಹೋಗುವಾಗ ಅಂಗಳದಲ್ಲಿ ಎಲ್ಲರೂ ನೆಲ ನೋಡಿದರು, ಶೆಟ್ಟರಿಗೆ ಮುಜುಗರವಾಗದಿರಲಿ ಎಂದು. ಐದನೇ ಸಲ ಒಬ್ಬ ಕಿಸಕ್ಕೆಂದ. ಹತ್ತನೇ ಸಲದ ಹೊತ್ತಿಗೆ ಮಕ್ಕಳು ಶೆಟ್ಟರ ಜೊತೆಗೇ "ಲಾಯ್ಕ್ ಆಯ್ತ್!" ಎಂದು ಕೂಗುತ್ತಿದ್ದರು. ಮಧ್ಯಾಹ್ನದ ಮೇಲೆ ದುಗ್ಗಪ್ಪ, "ಹೊರಮೈ ನೆಕ್ಕುವಾಗ ಒಂಚೂರ್ ನಿಲ್ಸಿ ಶೆಟ್ರೆ, ಸಮ ಕಾಂತಿಲ್ಲೆ," ಎಂದ. ಶೆಟ್ಟರು ನಿಲ್ಲಿಸಿ ತೋರಿಸಿದರು. ಹರಕೆಯಲ್ಲಿ ಕೊರತೆ ಉಳಿಯಬಾರದಲ್ಲ.

ಸುಗುಣ ಒಂದು ಸಲವೂ ನಗಲಿಲ್ಲ. ಪ್ರತಿ ಸಲ, ಅಂಗೈ ಮೇಲೆ ಹನಿ ಬೀಳುವಾಗ ಮಾತ್ರ ತಲೆಯಾಡಿಸುತ್ತಿದ್ದಳು.

ಆರು ಗಂಟೆಗೆ ಶೆಟ್ಟರು ಗುಂಡಿ ಒತ್ತಿ ವಾಹಿನಿ ನಿಲ್ಲಿಸಿದರು. ಕಾಯಿ ಒಡೆದು ಪ್ರಸಾದ ಹಂಚಿದರು. ಮೊದಲಿನ ಪುಸ್ತಕದ ಆ ಹಾಳೆ ತೆಗೆದು, ಸುಗುಣನ ಹೆಸರಿನ ಮೇಲೆ ಗೆರೆ ಎಳೆದು, ಅದನ್ನು ಅವಳಿಗೆ ತೋರಿಸಿದರು.

"ನನ್ನಿಂದ ತಪ್ಪಾಯಿತ್ ಸುಗುಣಾ."

"ಹೌದ್," ಎಂದಳು ಅವಳು. "ಉಪ್ಪ್ ಸಮ ಇದ್ದಿತಾ?"

"ಇದ್ದಿತ್."

"ಹಂಗಾರ್ ಹೋಯ್ನಿ."

ಬ್ರಹ್ಮಾವರದ ಹೋಟೆಲಿಗೆ ಸುದ್ದಿ ಶೆಟ್ಟರಿಗಿಂತ ಮೊದಲೇ ತಲುಪಿತ್ತು. ಅಂಗಳದಲ್ಲಿ ಮೊಬೈಲು ಹಿಡಿದವರು ಕಡಿಮೆ ಇರಲಿಲ್ಲ. ಅಜಿತ್ ಅಪ್ಪಯ್ಯನನ್ನು ಗಲ್ಲೆಯಲ್ಲಿ ಕೂರಿಸಿದ, ಬೈರಾಸು ಬದಲಿಸಿದ. ಗಿರಾಕಿಗಳ ಮುಖ ನೋಡಿ ಇವನಿಗೆ ಬಂಗುಡೆ, ಇವನಿಗೆ ಕಾಣೆ ಎಂದು ಶೆಟ್ಟರು ಹೇಳುವುದೂ ಸುರುವಾಯಿತು. ಅವರು ಅಡುಗೆಮನೆಯ ಕಡೆ ಎದ್ದರೆ ಮಾತ್ರ ಅಡುಗೆಯವರು ಸೌಟುಗಳನ್ನೆಲ್ಲ ಬಾಚಿ ಕಪಾಟಿಗೆ ಹಾಕಿ ಬೀಗ ಜಡಿಯುತ್ತಿದ್ದರು. ಶೆಟ್ಟರು ಬಾಗಿಲಲ್ಲೇ ನಿಂತು ಅಂಗೈ ಚಾಚುವುದನ್ನು ಕಲಿತರು.

ಭೋಜರಾಜ ಶೆಟ್ಟರು ಗುಲ್ವಾಡಿ ಬಿಟ್ಟದ್ದು ಆಗಸ್ಟಿನ ಸೋಣೆ ಸಂಕ್ರಮಣ ಕಳೆದ ಮಂಗಳವಾರ, ಬೆಳಿಗ್ಗೆ ಏಳೂಕಾಲರ ಬಸ್ಸಿಗೆ. ಅಮ್ಮಣ್ಣಿ ಅವರ ಜೊತೆ ಹೋಗಲಿಲ್ಲ. ಗುರುವಾರ ಕಮಲನ ಮನೆಯಲ್ಲಿ ಮೀನೂಟವಿತ್ತು, ಒಲೆಯ ಮುಂದೆ ಸುಗುಣ. ಅದನ್ನು ಉಂಡು, ಕೈ ತೊಳೆದು, ಅವರು ಹೊರಟದ್ದು ಶುಕ್ರವಾರ.